ಮಾಹೇರ ಅಂದರೆ ಏನು

ಮಾಹೇರ ಅಂದರೆ ಹುಷಾರು ಅಂತಲ್ಲ, ನೀನೋ. ಆ ಅರ್ಥ ನಾನು ಹುಟ್ಟಿಸಿದ್ದು. ಖಾನಾಪುರದ ಆಯಿ ನಿನ್ನನ್ನು ಹಬ್ಬಕ್ಕೆ ಕರೆದಿದ್ದಳು, ಮಗಳನ್ನು ಕರೆಯುವ ಹಾಗೆ ಕರೆದಿದ್ದಳು. ನಡುವೆ ನಿಂತಿದ್ದ ನಾನು ಆ ಕರೆಯನ್ನು ನುಂಗಿಬಿಟ್ಟೆ. ಈ ಊರು ಬಿಡುವ ಮುಂಚೆ "ನನ್ನಿಂದ ಏನು ತಪ್ಪಾಯಿತು, ಸುಮಿತ್ರಾ?" ಅಂತ ನೀನು ಕೇಳಿದೆಯಲ್ಲ — ನಿನ್ನಿಂದ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ನನ್ನಿಂದ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿನಗೆ ಓದಲು ಬರುವುದಿಲ್ಲ ಅಂತ ಗೊತ್ತಿದ್ದೂ — ಅದೂ ಒಂದು ಹೇಡಿತನವೇ ಇರಬಹುದು. ಮೊದಲು ನನ್ನ ಭಾಷೆಯಲ್ಲಿ ಸುಳ್ಳಿಲ್ಲದೆ ಹೇಳಲು ಆಗುತ್ತದೆಯೋ ಇಲ್ಲವೋ ನೋಡಿಕೊಳ್ಳುತ್ತೇನೆ. ಆಮೇಲೆ ನಿನಗೆ.

ನೀನು ನಮ್ಮ ಶಾಲೆಗೆ ಸಂಗೀತದ ಟೀಚರಾಗಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಿನ್ನನ್ನು ಅಮೆರಿಕದವಳು ಅಂದುಕೊಂಡಿದ್ದರು. ಜಾರ್ಜಿಯಾ ಅನ್ನುವುದು ಕಪ್ಪು ಸಮುದ್ರದ ದಂಡೆಯ ಬೇರೆಯೇ ದೇಶ ಅಂತ ಹೇಳಿ ಹೇಳಿ ನಿನಗೆ ಸಾಕಾಯಿತು. 'ನೀನೋ' ಅನ್ನುವ ನಿನ್ನ ಹೆಸರು ಕೇಳಿದಾಗಂತೂ ಹುಡುಗರು ನಕ್ಕು ನಕ್ಕು ಬೆಂಚಿನಡಿ ಸೇರಿದರು. ನಮ್ಮ ಗೇಟಿನ ಬಸಪ್ಪ ಮಾತ್ರ ನಗಲಿಲ್ಲ. ಹೊರದೇಶದಿಂದ ಬಂದ ಮೇಡಮ್ಮಿಗೆ ಏಕವಚನ ಹೇಗೆ ಹಚ್ಚುವುದು ಅಂತ ಅವನು ಒದ್ದಾಡಿ, ಕೊನೆಗೆ ನಿನ್ನ ಹೆಸರನ್ನೇ ತಿದ್ದಿಬಿಟ್ಟ. "ನಮಸ್ಕಾರ್ರೀ ನೀವೋ ಮೇಡಂ!" ಅದು ಯಾಕೆ ತಮಾಷೆ ಅಂತ ನಾನು ಬಿಡಿಸಿ ಹೇಳಿದಾಗ ನೀನು ಕಾರಿಡಾರಿನಲ್ಲೇ ಕುಸಿದು ಕೂತು ನಕ್ಕೆ. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ. ನಾನು ಕನ್ನಡ ಕಲಿಸುವವಳು, ಮರಾಠಿಯೂ ಬರುತ್ತದೆ, ಇಂಗ್ಲಿಷು ಹೇಗೋ ಸಾಗುತ್ತದೆ. ನಿನಗೆ ಊರು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು.

ಭಾನುವಾರ ಭಾನುವಾರ ನಾವು ಹೊರಟೆವು. ಬೆಳಗಾವಿಯ ಕೋಟೆ ನೋಡಿದೆವು, ಶಹಾಪುರದ ಸೀರೆ ಅಂಗಡಿಗಳನ್ನು ನೋಡಿದೆವು, ವಡಗಾವಿಯ ಓಣಿಗಳಲ್ಲಿ ಮಗ್ಗದ ಸದ್ದಿಗೆ ನೀನು ಕಾಲಲ್ಲಿ ತಾಳ ಹಾಕುತ್ತಾ ನಿಂತದ್ದಿದೆ. ಯಾರು ಏನು ಅಂದರೂ ನನ್ನ ಕಡೆ ತಿರುಗಿ "ಏನಂದ್ರು?" ಅನ್ನುತ್ತಿದ್ದೆ. ನೀನು ಸರಿಯಾಗಿ ಕಲಿತ ಮೊದಲ ಕನ್ನಡ ಮಾತು ಅದೇ. ಖರೇ ಹೇಳುತ್ತೇನೆ — ಆ ಮಾತು ಕೇಳಿದಾಗಲೆಲ್ಲ ನನಗೆ ಒಂದು ಹಿಗ್ಗು. ಅಣ್ಣನ ಮನೆಯಲ್ಲಿ, ಮದುವೆಯಾಗದೆ ಉಳಿದ ಈ ತಂಗಿಯನ್ನು, ಯಾರು ಏನಂದರು ಅಂತ ಯಾರೂ ಕೇಳುವುದಿಲ್ಲ.

ಆಯಿಯ ಮನೆ ಸಿಕ್ಕಿದ್ದು ಮಳೆಯಿಂದ. ಪೀರನವಾಡಿಯ ನಮ್ಮ ಶಾಲೆಯ ಮುಂದೆಯೇ ಹಾಯುವ ಖಾನಾಪುರದ ಬಸ್ಸು ಹತ್ತಿ, ನದಿ ನೋಡಲು ಹೋಗಿದ್ದೆವು. ಕೊಡೆ ಮುರಿದು ಹಾಕುವಂಥ ಮಳೆ. ಓಡಿ ಹೋಗಿ ಹೊಕ್ಕಿದ್ದು ಒಂದು ಕುಂಬಾರರ ಮನೆಯ ಪಡಸಾಲೆ. ಗೋಡೆಗುಂಟ ಹಸಿ ಮಡಿಕೆಗಳು. ಅವನ್ನು ನೋಡಿ ನೀನು ಒಮ್ಮೆಗೇ ಅಳಲು ಶುರುಮಾಡಿದೆ! ನಿಮ್ಮೂರಿನಲ್ಲಿ ನಿನ್ನ ಅಜ್ಜಿಯ ಅಂಗಳದಲ್ಲಿ ದ್ರಾಕ್ಷಿರಸ ತುಂಬಿಡಲು ಆಳೆತ್ತರದ ಮಣ್ಣಿನ ಹರವಿಗಳನ್ನು ನೆಲದಲ್ಲಿ ಹೂತಿರುತ್ತಾರೆ ಅಂತ ನಾನು ಆಯಿಗೆ ಮರಾಠಿಯಲ್ಲಿ ತಿಳಿಸಿದೆ. ಆ ಮುದುಕಿ ನಿನ್ನ ಕೈ ಹಿಡಿದು ನೇರ ಅಡಿಗೆಮನೆಗೆ ಕರೆದುಕೊಂಡು ಹೋಗಿ, ಒಲೆಯ ಬಾಜು ನೆಲದ ಮೇಲೆ ಕೂಡಿಸಿ, ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು. ಸೊಸೆ ರುಕ್ಮಿಣಿ ನಿನ್ನ ತಲೆ ಒರೆಸಿದಳು. ಆಮೇಲಿನ ಭಾನುವಾರಗಳೆಲ್ಲ ಅಲ್ಲಿಯೇ. ಆಯಿಗೆ ಇರುವವರೆಲ್ಲ ಗಂಡುಮಕ್ಕಳು. ನಿನಗೆ ಅವಳು ಜಡೆ ಹೆಣೆಯುತ್ತಿದ್ದಾಗ ನಾನು ಪಡಸಾಲೆಯಲ್ಲಿ ಕೂತು ಇಬ್ಬರ ಮಾತನ್ನೂ ಆಚೆಯಿಂದ ಈಚೆ ಒಯ್ಯುತ್ತಿದ್ದೆ.

ಶ್ರಾವಣ ಬಂತು. ಪಂಚಮಿಗೆ ಇನ್ನೇನು ನಾಲ್ಕಾರು ದಿನ. ಹೊರಡುವಾಗ ಆಯಿ ನಿನ್ನ ಗಲ್ಲ ಹಿಡಿದು, ನನ್ನ ಕಡೆ ನೋಡದೆ, ನಿನಗೇ ಹೇಳಿದಳು:

"ಹೇಚ್ ತುಝಂ ಮಾಹೇರ, ಪೋರಿ. ಪಂಚಮೀಲಾ ಯೇ."

ಇದೇ ನಿನ್ನ ತವರುಮನೆ, ಮಗಳೇ. ಪಂಚಮಿಗೆ ಬಾ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಆ ಮಾತು ಸುಮ್ಮನೆ ಯಾರಿಗೂ ಅನ್ನುವಂಥದ್ದಲ್ಲ.

ನೀನು ತಿರುಗಿ ಕೇಳಿದೆ — "ಏನಂದ್ರು?"

"ಮಳಿ ಭಾಳ ಐತಿ, ಹುಷಾರಾಗಿ ಹೋಗ್ರಿ ಅಂದ್ರು."

ಅಷ್ಟು ಸಲೀಸಾಗಿ ಬಂತು. ಯೋಚನೆ ಮಾಡಿ ಆಡಿದ ಸುಳ್ಳಲ್ಲ — ಅಥವಾ, ಹಾಗೆ ಅಂದುಕೊಳ್ಳುವುದೇ ಇನ್ನೊಂದು ಸುಳ್ಳೋ... ನಾನೂ ಅಲ್ಲೇ ನಿಂತಿದ್ದೆ, ನೀನೋ. ನಿನ್ನಷ್ಟೇ ಸಲ ಆ ಮನೆಗೆ ಹೋಗಿದ್ದೆ. ನನ್ನನ್ನು ಕರೆಯಲಿಲ್ಲ. ಊರಲ್ಲೇ ಮನೆ ಇರುವವಳು, ಇವಳಿಗೇನು ಕರೆಯುವುದು ಅಂತ ಆಯಿ ಅಂದುಕೊಂಡಿರಬೇಕು. ತವರು ಬಿಟ್ಟು ಎಲ್ಲಿಗೂ ಹೋಗದವಳನ್ನು ತವರಿಗೆ ಕರೆಯುವವರು ಯಾರು? ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಯಿತು. ಕಾರಣ ಇಷ್ಟೇ. ಇದನ್ನು ಹೇಳಿ ನಾನು ಹಗುರಾಗಬಾರದು.

ಬಸ್ಸಿನಲ್ಲಿ ನೀನು ಕಿಟಕಿಯ ಬಳಿ ಕೂತು ಗುನುಗಲು ಶುರುಮಾಡಿದೆ. "ಹೇಚ್ ತುಝಂ ಮಾಹೇರ, ಹೇಚ್ ತುಝಂ..." ಸ್ವರ, ಒತ್ತು, ಎಳೆತ ಎಲ್ಲ ಆಯಿಯದೇ. ಸಂಗೀತದವಳ ಕಿವಿ ಅಂತ ನನಗೆ ಹೊಳೆದೇ ಇರಲಿಲ್ಲ. ಅರ್ಥ ತಿಳಿಯದೆಯೂ ಸದ್ದನ್ನು ಹಿಡಿದಿಟ್ಟುಕೊಳ್ಳುವ ಕಿವಿ. ಬೆಳಗಾವಿಯಲ್ಲಿ ಯಾರ ಮುಂದೆ ನೀನು ಅದನ್ನು ಹಾಡಿದರೂ ಮುಗಿಯಿತು, ಬಸ್ಸಿನ ಅರ್ಧ ಮಂದಿ ಮರಾಠಿ ಬಲ್ಲವರು. ಮುಂದಿನ ಸೀಟಿನ ಹೆಂಗಸು ಆಗಲೇ ತಿರುಗಿ ನಗುತ್ತಿದ್ದಳು. ನಾನು ನಿನ್ನ ಮೊಣಕೈ ಹಿಡಿದು ಆಚೆ ಗದ್ದೆಯಲ್ಲಿ ಇಲ್ಲದ ನವಿಲು ತೋರಿಸಿದೆ.

"ಮಾಹೇರ ಅಂದರೆ?" ಅಂತ ಕೇಳಿದೆ ನೀನು.

"ಹುಷಾರು," ಅಂದೆ.

ಪಂಚಮಿಯ ದಿನ ನೀನು ಫೋನು ಮಾಡಿದೆ. ರಜೆ ಇದೆ, ಎಲ್ಲಿಗೆ ಹೋಗೋಣ? ತಲೆನೋವು ಅಂದೆ. ನನ್ನ ಹಿಂದೆ ಹಬ್ಬಕ್ಕೆ ತವರಿಗೆ ಬಂದ ನನ್ನ ತಂಗಿ, ಅವಳ ಮಕ್ಕಳು, ಗದ್ದಲವೋ ಗದ್ದಲ. ನನ್ನ ಕೈಗೆ ಉಂಡಿ ಕಟ್ಟಿದ ಬೆಲ್ಲದ ಅಂಟು. ಊಟಕ್ಕೇನು ಅಂತ ಬಾಯಿಮಾತಿಗೆ ಕೇಳಿದೆ. ಮೆಸ್ಸಿನವನು ಊರಿಗೆ ಹೋಗಿದ್ದಾನೆ, ಬ್ರೆಡ್ಡಿದೆ, ಬಾಳೆಹಣ್ಣಿದೆ ಅಂದೆ ನೀನು. ಆಗಲಾದರೂ ನನ್ನ ಮನೆಗೆ ಬಾ ಅನ್ನಬಹುದಿತ್ತು. ಅತ್ತಿಗೆಯ ಮುಖ ನೋಡಿದೆ, ಫೋನು ಇಟ್ಟೆ.

ಮರುವಾರ ತಡೆಯಲಾಗದೆ ಒಬ್ಬಳೇ ಖಾನಾಪುರಕ್ಕೆ ಹೋದೆ. ಹಬ್ಬಕ್ಕೆಂದು ತೊಲೆಗೆ ಕಟ್ಟಿದ್ದ ಜೋಕಾಲಿಯನ್ನು ಇನ್ನೂ ಬಿಚ್ಚಿರಲಿಲ್ಲ.

"ಪೋರಿ ಯಾಕ ಬರಲಿಲ್ಲ ಟೀಚರ್? ರುಕ್ಮಿಣಿ ಮಳ್ಯಾಗ ಸ್ಟ್ಯಾಂಡಿಗೆ ಹೋಗಿ ಹೋಗಿ ಬಸ್ಸು ನೋಡಿ ಬಂದ್ಲು," ಅಂದಳು ಆಯಿ. ನನ್ನ ಜೊತೆ ಅವಳು ಕನ್ನಡವನ್ನೂ ಆಡುತ್ತಾಳೆ.

ನಿಜ ಹೇಳಲು ಅದೇ ಹೊತ್ತಾಗಿತ್ತು. ಬಾಯಿ ತೆರೆದೆ. ಬಂದದ್ದು ಇದು: "ಹೇಳಿದ್ನಿರೀ ಆಯಿ. ಅವರ ಕಡೆ ಹಿಂಗ ಹಬ್ಬಕ್ಕ ಹೋಗೂ ರೂಢಿ ಇಲ್ಲಂತ."

"ಅಸೂ ದೇ," ಅಂದಳು. ಇರಲಿ ಬಿಡು. ಅಷ್ಟು ಹೇಳಿ ಜೋಕಾಲಿಯ ಹಗ್ಗ ಬಿಚ್ಚಲು ರುಕ್ಮಿಣಿಯನ್ನು ಕರೆದಳು.

ಆಮೇಲೆ ನಿನ್ನನ್ನು ಖಾನಾಪುರದಿಂದ ದೂರ ಇಡುವುದೇ ನನ್ನ ಕೆಲಸವಾಯಿತು. ಗೋಕಾಕಿನ ಜಲಪಾತ, ಇಲ್ಲದ ನೆಗಡಿ, ಬಸ್ಸು ಬಂದ್ ಅನ್ನುವ ಸುದ್ದಿ — ಪ್ರತಿ ಶನಿವಾರ ಹೊಸದೊಂದು ನೆಪ. ನೀನಂತೂ ಆ ಶಬ್ದವನ್ನು ಬಿಡಲಿಲ್ಲ. ಮಕ್ಕಳು ರಸ್ತೆ ದಾಟುವಾಗ ಕೈ ಎತ್ತಿ "ಮಾಹೇರ! ಮಾಹೇರ!" ಅಂತ ಕೂಗುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಗಣಿತದ ಮೇಷ್ಟ್ರು ಒಮ್ಮೆ ಹುಬ್ಬೇರಿಸಿ "ಇದೇನ್ರೀ ಮೇಡಂ ಹೇಳೂದು?" ಅಂತ ನನ್ನನ್ನು ಕೇಳಿದರು. "ಅವರ ಭಾಷಾದ್ದಿರಬೇಕ್ರಿ," ಅಂದೆ. ಯಾರಾದರೂ ನಿನ್ನ ಜೊತೆ ಮಾತಿಗೆ ನಿಂತರೆ ಸಾಕು, ನಾನು ಚಾಕ್ ಪೀಸ್ ಕೈಲಿ ಹಿಡಿದೇ ಓಡಿ ಬರುತ್ತಿದ್ದೆ.

ಕೊನೆಗೆ ಒಂದು ಭಾನುವಾರ ನೀನು ನನಗೆ ಹೇಳದೆ ಒಬ್ಬಳೇ ಹೋದೆ. ಸಂಜೆ ಬಂದು ನನ್ನೆದುರು ಕೂತು ಹೇಳಿದ್ದು ನನಗೆ ಒಂದೊಂದಾಗಿ ನೆನಪಿದೆ. ಆಯಿ ಕೈಯಲ್ಲಿ ಮಡಿಕೆ ಹಿಡಿದು ಪಡಸಾಲೆಯ ಮೆಟ್ಟಿಲು ಇಳಿಯುತ್ತಿದ್ದಳು, ಕಲ್ಲು ಒದ್ದೆ. ಜಾರಿ ಬಿದ್ದಾಳು ಅಂತ ನೀನು ಅಂಗೈ ಎತ್ತಿ, ತಲೆ ಅಲ್ಲಾಡಿಸಿ ಕೂಗಿದೆ — "ಆಯಿ, ಮಾಹೇರ! ಮಾಹೇರ!" ಆಯಿ ನಿಂತಳು. ನಿನ್ನ ಎತ್ತಿದ ಕೈ ನೋಡಿದಳು. ತಿರುಗಿ ಒಳಗೆ ಹೋದಳು. ನಿನಗೆ ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ಕಪ್-ಬಸಿಯಲ್ಲಿ ಚಹಾ ಕೊಟ್ಟರು. ಅಡಿಗೆಮನೆಗೆ ಯಾರೂ ಕರೆಯಲಿಲ್ಲ.

"ನನ್ನಿಂದ ಏನು ತಪ್ಪಾಯಿತು, ಸುಮಿತ್ರಾ?"

ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. ನೀನು ಹುಷಾರು ಅಂದೆ. ಆಯಿಗೆ ಕೇಳಿಸಿದ್ದು — ತವರೂ ಬೇಡ, ಗಿವರೂ ಬೇಡ. ಹಬ್ಬಕ್ಕೂ ಬರದವಳು ಅಂಗಳದಲ್ಲಿ ನಿಂತು ಕೈ ಅಡ್ಡ ಹಿಡಿದು, ತಾನು ಕೊಟ್ಟ ಮಾತನ್ನು ತನಗೇ ಮರಳಿ ಕೊಟ್ಟಳು ಅಂತ. ನನಗೆ ತಿಳಿಯಿತು, ಮತ್ತು ನಾನು ಹೇಳಿದೆ, "ಗೊತ್ತಿಲ್ಲ. ಹಳ್ಳಿ ಮಂದಿ, ಒಂದೊಂದು ದಿನ ಒಂದೊಂದು ಥರ."

ನಿನ್ನದು ಎರಡು ವರ್ಷದ ಕರಾರು. ಮೊದಲ ವರ್ಷದ ಪರೀಕ್ಷೆ ಮುಗಿದದ್ದೇ ನೀನು ಹೊರಟೆ. ಸಾಂಬ್ರಾ ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನನ್ನು ತಬ್ಬಿಕೊಂಡು, "ಇಲ್ಲಿ ಎಲ್ಲರೂ ಒಳ್ಳೆಯವರು. ಆದರೆ ಯಾರ ಮನೆಯೂ ನನಗೆ ಬಾ ಅನ್ನಲಿಲ್ಲ," ಅಂದೆ. ನಾನು ನಿನ್ನ ಬೆನ್ನು ಸವರಿದೆ. ನೀನು ಒಳಗೆ ಹೋದ ಮೇಲೆ ನನಗೆ ಮೊದಲು ಅನ್ನಿಸಿದ್ದು ದುಃಖವಲ್ಲ, ನೀನೋ — ಸದ್ಯ, ಇನ್ನು ಸಿಕ್ಕಿಬೀಳುವುದಿಲ್ಲ ಅನ್ನುವ ನಿರಾಳ. ಇದನ್ನೂ ನೀನು ತಿಳಿದಿರಬೇಕು.

ಹಾಗೆಯೇ ಮುಚ್ಚಿಹೋಗುತ್ತಿತ್ತೋ ಏನೋ. ವರ್ಷಗಳಾದ ಮೇಲೆ, ಹೋದ ತಿಂಗಳು, ನೀನು ವಿಡಿಯೋ ಕಾಲ್ ಮಾಡಿ ಮಗಳನ್ನು ತೋರಿಸಿದೆ. ಈಗಷ್ಟೇ ನಡೆಯಲು ಕಲಿತ ಕೂಸು ಅಜ್ಜಿಯ ಮನೆಯ ಮೆಟ್ಟಿಲು ಇಳಿಯಲು ಕಾಲು ಚಾಚಿತ್ತು. ನೀನು ಅಂಗೈ ಎತ್ತಿ "ಮಾಹೇರ!" ಅಂದೆ. ಕೂಸು ಥಟ್ಟನೆ ಕಾಲು ಹಿಂದಕ್ಕೆಳೆದುಕೊಂಡಿತು. "ನೋಡು, ನನ್ನ ಮಗಳಿಗೂ ಬೆಳಗಾವಿ ಭಾಷೆ ಬರುತ್ತದೆ!" ಅಂತ ನೀನು ನಕ್ಕೆ. ನೆಟ್‌ವರ್ಕ್ ಇಲ್ಲ ಅಂತ ನಾನು ಫೋನು ಕಟ್ ಮಾಡಿದೆ.

ಮೊನ್ನೆ ಭಾನುವಾರ ಖಾನಾಪುರಕ್ಕೆ ಹೋಗಿ ಆಯಿಯ ಮುಂದೆ ಎಲ್ಲ ಹೇಳಿದೆ. ಬೈಯುತ್ತಾಳೆ, ಹೊರಗೆ ಹಾಕುತ್ತಾಳೆ ಅಂದುಕೊಂಡಿದ್ದೆ. ಅದಕ್ಕೆ ತಯಾರಾಗಿಯೂ ಇದ್ದೆ. ಅವಳ ಕಣ್ಣಿಗೆ ಈಗ ಪೊರೆ ಬಂದಿದೆ, ನನ್ನ ಮುಖ ಸರಿಯಾಗಿ ಕಂಡಿತೋ ಇಲ್ಲವೋ. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ.

"ಹಬ್ಬದ ದಿನಾ ಆ ಪೋರಿ ಏನ ಉಂಡಳ?"

ಹೇಳಿದೆ.

"ಬ್ರೆಡ್ ತಿಂದಾಳಂತ," ಅಂದಳು ರುಕ್ಮಿಣಿಯ ಕಡೆ ತಿರುಗಿ. "ಪಂಚಮಿ ದಿನಾ. ಬ್ರೆಡ್." ಆಮೇಲೆ ನನಗೆ, "ನೀನೂ ಬರಬಹುದಿತ್ತಲ್ಲ ಟೀಚರ್. ಬ್ಯಾಡ ಅಂತಿದ್ನೇನ?"

ರುಕ್ಮಿಣಿ ಚಹಾ ತಂದಳು, ಕಪ್-ಬಸಿಯಲ್ಲಿ. ನಾನು ಪಡಸಾಲೆಯ ಕುರ್ಚಿಯ ಮೇಲೆ ಕೂತು ಕುಡಿದೆ. ಹೊರಡುವಾಗ ಆಯಿ, "ಅಕಿ ನಂಬರ ರುಕ್ಮಿಣಿಗೆ ಕೊಡು. ನಾನಽ ಮಾತಾಡ್ತೀನಿ. ನೀ ನಡುವ ಬರಬ್ಯಾಡ," ಅಂದಳು. ಕೊಟ್ಟು ಬಂದಿದ್ದೇನೆ.

ಆದರೆ ಅವಳ ಫೋನು ಬರುವ ಮುಂಚೆ ನಿನಗೆ ಇದು ನನ್ನ ಬಾಯಿಂದಲೇ ತಿಳಿಯಬೇಕು. ನಾಳೆ ಇದನ್ನು ಇಂಗ್ಲಿಷಿನಲ್ಲಿ ಓದಿ ಹೇಳುತ್ತೇನೆ, ಒಂದು ಮಾತೂ ಬಿಡದೆ, ಆ ನಿರಾಳದ ಮಾತನ್ನೂ ಬಿಡದೆ. ನೀನು ನಡುವೆಯೇ ಫೋನು ಇಟ್ಟುಬಿಟ್ಟರೆ ಇನ್ನೊಮ್ಮೆ ಮಾಡಲಾರೆ. ಕ್ಷಮಿಸು ಅಂತ ಕೇಳುವ ಮುಖವೂ ನನಗಿಲ್ಲ. ಆ ಕೂಸಿಗೆ ಮಾತ್ರ ತಿದ್ದಿ ಹೇಳು, ನೀನೋ. ಮಾಹೇರ ಅಂದರೆ ಅಮ್ಮನ ಮನೆ. ಆ ಮಾತು ಕೇಳಿದರೆ ಕಾಲು ಮುಂದಿಡಬೇಕು.