ಎಮ್ಮೆಲ್ಲೆಗೆ ಒಂದು ಮೊರ ಜೋಳ

ನಿನ್ನೆ ಸಂಜೆ ಸಿಂಧನೂರಿನಲ್ಲಿ ಮಗನ ಮನೆಯ ಕಟ್ಟೆಯ ಮೇಲೆ ಕೂತು ಬಿಸಿ ಮಿರ್ಚಿ ತಿನ್ನುತ್ತಿದ್ದೆ. ಕಟ್ಟಿಕೊಟ್ಟ ಪೇಪರಿಗೆ ಎಣ್ಣೆ ಇಳಿದು ಅಕ್ಷರಗಳೆಲ್ಲ ಮಿಂಚುತ್ತಿದ್ದವು. ಮೊಮ್ಮಗಳು ಪಾರಿ ಅದನ್ನು ಕಸಿದುಕೊಂಡು ಓದಿದಳು. ಏನು ಓದುತ್ತಾಳೆ ಅಂತೀರಿ, ಒಂದು ಒತ್ತಕ್ಷರಕ್ಕೂ ಎಡವುವುದಿಲ್ಲ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ನಾನು ಬಸ್ಸಿನ ಬೋರ್ಡು ಓದಿ ಮುಗಿಸುವುದರೊಳಗೆ ಬಸ್ಸು ಮಸ್ಕಿ ಮುಟ್ಟಿರುತ್ತದೆ. ಅದಕ್ಕೇ ಅವಳು ಗೊಬ್ಬರದ ಚೀಲ ಓದಿದರೂ ನನಗೆ ಹಬ್ಬ. ಇದನ್ನೂ ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ತಪ್ಪಿದ್ದರೆ ನನ್ನವು, ಅಕ್ಷರ ಚೆಂದ ಇದ್ದರೆ ಅವಳವು.

ಪೇಪರಿನಲ್ಲಿ ಇದ್ದದ್ದು ಶಾಸಕರ ಪಗಾರ ಏರಿದ ಸುದ್ದಿ. "ಇವ್ರಿಗೆ ಎಷ್ಟು ಕೊಟ್ರೂ ಸಾಲಂಗಿಲ್ಲ ಬಿಡು," ಅಂದೆ. ಎಲ್ಲರೂ ಅನ್ನುವ ಮಾತು ತಾನೆ. ಅಂದ ಮೇಲೆ ನನಗೇ ನಗು ಬಂತು. ಎಂಬತ್ತರ ದಶಕದಲ್ಲಿ ಒಬ್ಬ ಎಮ್ಮೆಲ್ಲೆಗೆ ನಮ್ಮ ಮನೆಯಿಂದಲೇ ಪಗಾರ ಹೋಗಿತ್ತು, ಅದೂ ಜೋಳದ ರೂಪದಲ್ಲಿ.

ಆಗ ನಾವಿದ್ದದ್ದು ಮಸ್ಕಿಯ ಹತ್ತಿರದ ಹಳ್ಳಿಯಲ್ಲಿ. ಊರಿಗೂ ಮಸ್ಕಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಕುರಿಮರಿ ಕೂಡ ಅದಕ್ಕೆ ಹೆದರುತ್ತಿರಲಿಲ್ಲ, ಮಳೆಗಾಲದಲ್ಲಿ ಎತ್ತಿನ ಬಂಡಿಯೇ ಹೆದರುತ್ತಿತ್ತು. ನಾನು ಎರಡನೇ ಬಸುರಿ. ಮೊದಲನೇ ಹೆರಿಗೆ ತವರಿನಲ್ಲಿ ಬಹಳ ಕಷ್ಟವಾಗಿತ್ತು. ಮಸ್ಕಿಯ ಡಾಕ್ಟರಮ್ಮ, "ಈ ಸಲ ಮನ್ಯಾಗ ಹಡೀಬ್ಯಾಡ, ದವಾಖಾನಿಗೇ ಬಾ," ಎಂದು ಗಟ್ಟಿಯಾಗಿ ಹೇಳಿದ್ದರು. ನನ್ನ ದಿನ ತುಂಬುವುದು ಆಷಾಢದಲ್ಲಿ. ಹಳ್ಳ ತುಂಬುವುದೂ ಆಗಲೇ.

ನಮ್ಮ ಅತ್ತೆ ಬಸಮ್ಮನಿಗೆ ಅದೇ ಚಿಂತೆ. ಆರಿಸಿ ಹೋದ ಎಮ್ಮೆಲ್ಲೆ ಒಮ್ಮೆಯೂ ನಮ್ಮೂರ ಕಡೆ ಬಂದಿರಲಿಲ್ಲ. ಅದಕ್ಕೆ ಊರಿನವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಅತ್ತೆ ಕಂಡುಕೊಂಡದ್ದು ಯಾರಿಗೂ ಹೊಳೆಯದ ಕಾರಣ. ನಿಮಗೆ ಗೊತ್ತಿರಬೇಕು, ನಮ್ಮ ಕಡೆ ಬಡಿಗೇರ, ಕಂಬಾರ ಇವರೆಲ್ಲ ವರ್ಷಪೂರ್ತಿ ನಮ್ಮ ಕೆಲಸ ಮಾಡುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ತಮ್ಮ ಪಾಲು ಒಯ್ಯುತ್ತಿದ್ದರು. ಅದಕ್ಕೆ ಆಯ ಅನ್ನುತ್ತಾರೆ.

"ಬಡಿಗೇರ ಯಾಕ ಬರ್ತಾನ? ಆಯ ಕೊಡ್ತೀವಿ," ಅಂದರು ಅತ್ತೆ. "ಎಮ್ಮೆಲ್ಲೆಗೆ ನಾವು ಏನರ ಕೊಟ್ಟೀವೇನು? ಪಾಪ, ಹೊಟ್ಟಿಗಿಲ್ಲದ ಹ್ಯಾಂಗ ಬರಬೇಕು ಅಂವ?"

ನನಗೂ ಅದು ಸರಿಯೆನಿಸಿತು. ನನ್ನ ತಿಳಿವಳಿಕೆ ಎಷ್ಟಿತ್ತೆಂದರೆ, ಎಮ್ಮೆಲ್ಲೆ ಅಂದರೆ ವಿಧಾನಸೌಧದಲ್ಲೇ ಹಾಸಿಗೆ ಹಾಸಿ ಮಲಗುತ್ತಾರೆ ಅಂದುಕೊಂಡಿದ್ದೆ.

ಆ ಸುಗ್ಗಿಯಲ್ಲಿ ಬಡಿಗೇರನ ಪಾಲಿನ ಪಕ್ಕ ಇನ್ನೊಂದು ಸಣ್ಣ ಜೋಳದ ಗುಂಪಿ ಎದ್ದಿತು. ಬಡಿಗೇರ ಕೇಳಿದ: "ಇದು ಯಾರದಬೇ ಯವ್ವಾ?"

"ಎಮ್ಮೆಲ್ಲೆದು."

"ಅವ್ರಿಗೆ ಸರಕಾರ ಪಗಾರ ಕೊಡ್ತೈತಿ."

"ಕೊಟ್ಟಿದ್ರ ಯಾಕ ಬಂದಿಲ್ಲ?"

ಬಡಿಗೇರ ತನ್ನ ಪಾಲು ಹೊತ್ತುಕೊಂಡು ಹೊರಟ. ಅಂದಿನಿಂದ ಆ ಗುಂಪಿ ಕಾಯುವುದು ನನ್ನ ಕೆಲಸವಾಯಿತು. ಕೋಳಿ ಬಾಯಿ ಹಾಕಿದರೆ ಅತ್ತೆ ದೂರದಿಂದಲೇ ಕೂಗುತ್ತಿದ್ದರು: "ಎಮ್ಮೆಲ್ಲೆ ಪಾಲಿಗೆ ಬಾಯಿ ಹಾಕ್ತೀಯೇನ, ನಿನ್ನ ಜ್ವಾಳ ಅತ್ಲಾಗ ಅದಾವ."

ಎಮ್ಮೆಲ್ಲೆ ಲಿಂಗಸುಗೂರಿನ ಸರಕಾರಿ ಬಂಗಲೆಗೆ ಬಂದಿದ್ದಾರೆ ಎಂಬ ಸುದ್ದಿ ಬಂದ ದಿನ ಅತ್ತೆ, ಗಂಡ, ನಾನು ಬಸ್ಸು ಹತ್ತಿದೆವು. ಅತ್ತೆಯ ಸೆರಗಿನ ತುದಿಯಲ್ಲಿ ಒಂದು ಹಿಡಿ ಜೋಳ. ಉಳಿದದ್ದು ಕಣದಲ್ಲೇ, ಏಕೆಂದರೆ ಆಯವನ್ನು ಯಾರೂ ಮನೆಗೆ ಮುಟ್ಟಿಸುವುದಿಲ್ಲ, ಬಂದು ಒಯ್ಯಬೇಕು. ನಮ್ಮ ಯಜಮಾನರು ನಾಚಿಕೆಯಿಂದ ಬಂಗಲೆಯ ಅಂಗಳದ ಬೇವಿನ ಗಿಡದ ಹಿಂದೆ ನಿಂತುಬಿಟ್ಟರು. ಅತ್ತೆ ನೇರ ಒಳಗೆ ಹೋಗಿ, ಚಹ ಕುಡಿಯುತ್ತಿದ್ದ ಎಮ್ಮೆಲ್ಲೆಯ ಮುಂದೆ ಗಂಟು ಬಿಚ್ಚಿದರು.

"ಯಪ್ಪಾ, ನಿನ್ನ ಆಯ ಕಣದಾಗ ಐತಿ. ಕೋಳಿ ತಿನ್ನಾಕತ್ತಾವ, ಬಂದು ಒಯ್ಯಿ."

ಪಕ್ಕದಲ್ಲಿದ್ದ ಸಹಾಯಕನಿಗೆ ಕನಿಕರ ಬಂತು. "ಅಜ್ಜೀ, ಸಾಹೇಬ್ರಿಗೆ ಸರಕಾರದಿಂದ ತಿಂಗಳಾ ಪಗಾರ ಬರ್ತೈತ್ರಿ. ಸಭಾ ನಡೆದಾಗ ಅಲ್ಲಿ ಹೋಗಿ ಕುಂತ್ರ ದಿನದ ಭತ್ಯೆ ಬ್ಯಾರೆ."

"ಕುಂತ್ರೂ ಕೊಡ್ತಾರ? ಬಡಿಗೇರ ಕುಂತ್ರ ನಾವು ಕೊಡಾಂಗಿಲ್ಲಪ್ಪ."

"ತಿರುಗಾಡಾಕ ದಾರಿ ಖರ್ಚೂ ಕೊಡ್ತಾರ್ರಿ."

ಅತ್ತೆ ಎಮ್ಮೆಲ್ಲೆಯನ್ನೇ ನೋಡಿ ಕೇಳಿದರು: "ದಾರಿ ಖರ್ಚೂ ಕೊಟ್ಟಾರಂತ. ಹಂಗಾದ್ರ ಬರಾಕ ಏನ್ ಅಡ್ಡಿ ಆಗೈತಿ ನಿನಗ?"

ಎಮ್ಮೆಲ್ಲೆ ನಕ್ಕ ರಭಸಕ್ಕೆ ಅವರ ಬಿಳಿ ಧೋತರದ ಮೇಲೆ ಚಹ ಚೆಲ್ಲಿತು. "ಬರ್ತೀನವ್ವಾ," ಅಂದರು.

ನಾವು ನಂಬಿರಲಿಲ್ಲ, ಆದರೆ ಬಂದರು. ಬಂದವರ ಜೀಪು ಹಳ್ಳದಲ್ಲಿ ಇನ್ನೂ ಆರದ ರಾಡಿಯಲ್ಲಿ ಕೂತುಬಿಟ್ಟಿತು. ನಮ್ಮ ಎತ್ತುಗಳೇ ಹೋಗಿ ಎಳೆದವು. ಎಮ್ಮೆಲ್ಲೆ ಮೊಣಕಾಲುದ್ದ ಕರಿಮಣ್ಣು ಮೆತ್ತಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಕಣಕ್ಕೆ ಬಂದರು. ಅತ್ತೆಗೆ ಅದೆಲ್ಲ ಕಾಣಲೇ ಇಲ್ಲ. "ವಲ್ಲಿ ಹಾಸು," ಅಂದರು. ಎಮ್ಮೆಲ್ಲೆ ಇಸ್ತ್ರಿ ಮಾಡಿದ ಶಲ್ಯವನ್ನು ಹೆಗಲಿನಿಂದ ತೆಗೆದು, ಬಡಿಗೇರನ ಹಾಗೆಯೇ ಮೊಣಕಾಲೂರಿ ಹಾಸಿದರು. ಅತ್ತೆ ಆ ಗುಂಪಿಯಿಂದ ಒಂದೇ ಒಂದು ಮೊರ ಜೋಳ ಸುರಿದರು.

"ಆಯ ಮುಟ್ಟಿತಿಲ್ಲೋ?"

"ಮುಟ್ಟಿತವ್ವಾ."

"ಈಗ ಕೆಲಸ ನೋಡು." ನನ್ನನ್ನು ತೋಳು ಹಿಡಿದು ಮುಂದೆ ನಿಲ್ಲಿಸಿದರು. "ಇಕಿ ಆಷಾಢದಾಗ ಹಡೀತಾಳ. ಆ ಹಳ್ಳ ದಾಟಿ ಮಸ್ಕಿಗೆ ಹೋಗ್ಬೇಕು. ನಿನ್ನ ಜೀಪಿಗೇ ಆಗಲಿಲ್ಲ, ಇಕಿಗೆ ಆಗತೈತೇನು?"

ಊರೆಲ್ಲ ನನ್ನ ಹೊಟ್ಟೆ ನೋಡಿತು. ನಾನು ಸೆರಗಿನಲ್ಲಿ ಎಷ್ಟು ಮುಖ ಮುಚ್ಚಿಕೊಂಡರೂ ಹೊಟ್ಟೆ ಮುಚ್ಚಲಿಲ್ಲ. ಎಮ್ಮೆಲ್ಲೆ ಮಾತ್ರ ತಮ್ಮ ರಾಡಿ ಕಾಲನ್ನೇ ನೋಡುತ್ತ ನಿಂತರು. ನಗಲಿಲ್ಲ.

ಮುಂಗಾರಿಗೆ ಮೊದಲು ಲಾರಿಯಲ್ಲಿ ಸಿಮೆಂಟಿನ ದೊಡ್ಡ ಪೈಪುಗಳು ಬಂದು ಹಳ್ಳದಲ್ಲಿ ಕೂತವು, ಅವುಗಳ ಮೇಲೆ ಮೊರಂ ಮಣ್ಣು ಬಿತ್ತು. ಆಷಾಢದಲ್ಲಿ ನನಗೆ ನೋವು ಎದ್ದ ದಿನ ಹಳ್ಳ ಕೆಂಪಗೆ ಹರಿಯುತ್ತಿತ್ತು. ನೀರು ಕೆಳಗೆ ಹೋಯಿತು, ಬಂಡಿ ಮೇಲೆ ಹೋಯಿತು. ದವಾಖಾನೆ ಮುಟ್ಟಿದ ಮೇಲೆ ಡಾಕ್ಟರಮ್ಮ ಬಹಳ ಹೊತ್ತು ಬೆವರಿದರು, ನಾನೂ ಬೆವರಿದೆ. ಆಮೇಲೆ ಮಗ ಅತ್ತ ದನಿ ಕೇಳಿಸಿತು. ಮನೆಯಲ್ಲಿ ಆಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಆಮೇಲೆ ಅತ್ತೆಗೆ ಹೇಳಿದರಂತೆ.

ಇಷ್ಟು ಕೇಳಿದ ಪಾರಿ ಹುಬ್ಬು ಗಂಟಿಕ್ಕಿದಳು. "ಹಂಗಾದ್ರ ಅಪ್ಪ ಹುಟ್ಟಿದ್ದು ಒಂದು ಮೊರ ಜ್ವಾಳಕ್ಕೇನಜ್ಜಿ?"

"ಹೌದವ್ವ."

"ನಾನೂ ಅದರಾಗ ಬಂದೇನು?"

"ನೀನೂ ಅದರಾಗ ಬಂದಿ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ಜಡೆಗಳೂ ಕುಣಿದವು. ನಾನು ಅವಳನ್ನೇ ನೋಡುತ್ತ ಕೂತೆ. ನಮ್ಮ ಅತ್ತೆ ಎಲ್ಲದರಲ್ಲೂ ಸರಿಯಾಗಿಯೇ ಇದ್ದರು, ಕೈ ಮಾತ್ರ ಬಿಗಿ. ಇಂಥ ಹುಡುಗಿಗೆ ಒಂದು ಮೊರ ಏನೇನೂ ಸಾಲದು. ಆ ಗುಂಪಿ ಪೂರ್ತಿ ಸುರಿದುಬಿಡಬೇಕಿತ್ತು.