ಹಿಂದಿನ ಎಡ ಗಾಲಿಯ ವಾಷರ್

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಿಂಧನೂರಿನಲ್ಲಿ ಗಾಡಿಯ ವೈರಿಂಗ್ ಕೆಟ್ಟರೆ ಜನ ನನ್ನ ಶೆಡ್ಡಿಗೇ ಬರುತ್ತಿದ್ದರು. ಲಾರಿಯ ಡೈನಮೊ ಇರಲಿ, ಟ್ರ್ಯಾಕ್ಟರಿನ ಸೆಲ್ಫ್ ಇರಲಿ, ವೈರು ಹಿಡಿದು ಹೊರಟೆನೆಂದರೆ ಫಾಲ್ಟು ಸಿಗುವ ತನಕ ಬಿಡುತ್ತಿರಲಿಲ್ಲ.

ಒಂದು ಮುಂಜಾನೆ ಲಿಂಗಸುಗೂರಿನ ಡಾಕ್ಟರಮ್ಮ ತಾವೇ ಕಾರು ಓಡಿಸಿಕೊಂಡು ಬಂದರು. ಫಾರಿನ್ ಕಾರು. ಬ್ರೇಕ್ ಒತ್ತಿದಾಗ ಗಾಲಿ ಜಾಮಾಗಿ ಜಾರದಂತೆ ತಡೆಯಲು ಅದರಲ್ಲೊಂದು ಕಂಪ್ಯೂಟರ್ ಇತ್ತು.

"ನಿಧಾನ ನಿಲ್ಲಸುವಾಗ ಪೆಡಲ್ ಗಡಗಡ ನಡಗತೈತ್ರಿ. ಆಮ್ಯಾಲ ಹಳದಿ ಲೈಟ್ ಹತ್ತತೈತಿ. ಹೈದರಾಬಾದನ್ಯಾಗ ಕಂಪ್ಯೂಟರ್ ಬದ್ಲ ಮಾಡ್ರಿ ಅಂದಾರ" ಅಂದರು.

"ಮೊದಲ ನೋಡೂಣ್ರೀ. ನೋಡದ ನಾ ಏನೂ ಬದ್ಲ ಮಾಡಂಗಿಲ್ಲ."

ಅಂಥ ಬ್ರೇಕಿನ ಫಾಲ್ಟು ನಾನು ಅಲ್ಲಿಯತನಕ ಹುಡುಕಿರಲಿಲ್ಲ. ಕಾರಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಡಾಕ್ಟರಮ್ಮ ಸ್ಟೂಲ್ ಮೇಲೆ ಕೂತು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದರು: ಪ್ರತಿ ಗಾಲಿಗೂ ಒಂದು ಹಲ್ಲಿನ ಬಳೆ, ಅದರ ಪಕ್ಕ ಒಂದು ಸೆನ್ಸರ್, ಗಾಲಿ ತಿರುಗಿದಂತೆ ಸೆನ್ಸರಿನಿಂದ ಸಣ್ಣ ಕರೆಂಟು ಕಂಪ್ಯೂಟರಿಗೆ ಹೋಗುತ್ತದೆ. ನನಗೆ ಅಷ್ಟು ಸಾಕಾಯಿತು.

ಜ್ಯಾಕ್ ಏರಿಸಿ, ಮೀಟರ್ ಹಚ್ಚಿ, ಒಂದೊಂದೇ ಗಾಲಿ ಕೈಯಿಂದ ತಿರುಗಿಸಿದೆ. ಮೂರು ಗಾಲಿಗೆ ಮುಳ್ಳು ಚೆನ್ನಾಗಿ ಜಿಗಿಯಿತು. ಹಿಂದಿನ ಎಡ ಗಾಲಿಗೆ ಅಲ್ಲಾಡಿತೋ ಇಲ್ಲವೋ ಎಂಬಂತೆ. ವೈರು ಎಲ್ಲೂ ಕಡಿದಿರಲಿಲ್ಲ. ಸೆನ್ಸರ್ ಬಿಚ್ಚಿದೆ. ಅದರ ಬುಡದಲ್ಲಿ ಒಂದು ವಾಷರ್.

ಆ ವಾಷರ್ ನಾನೇ ಹಾಕಿದ್ದು. ಎರಡು ತಿಂಗಳ ಹಿಂದೆ ಪಕ್ಕದ ಗ್ಯಾರೇಜಿನವರು ಇದೇ ಕಾರಿನ ಆ ಗಾಲಿಗೆ ಬೇರಿಂಗ್ ಹಾಕುವಾಗ, ಅದು ಏತಕ್ಕೆಂದು ತಿಳಿಯದೆಯೇ ಸೆನ್ಸರ್ ತೆಗೆದು ಕೂರಿಸಿದವನು ನಾನು. ಬೋಲ್ಟ್ ಬಿಗಿಯಾಗಲೆಂದು ವಾಷರ್ ಸೇರಿಸಿದ್ದೆ. ಸೆನ್ಸರ್ ಬಳೆಯಿಂದ ದೂರ ಸರಿದಿತ್ತು. ಗಾಲಿ ನಿಧಾನವಾದರೆ ಕರೆಂಟು ಮುಟ್ಟುತ್ತಿರಲಿಲ್ಲ, ಗಾಲಿ ಜಾಮಾಯಿತೆಂದು ತಿಳಿದು ಕಂಪ್ಯೂಟರ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತಿತ್ತು, ಅದಕ್ಕೇ ಪೆಡಲ್ ನಡುಗುತ್ತಿತ್ತು.

ಸುಮ್ಮನೆ ವಾಷರ್ ಕಿಸೆಗೆ ಹಾಕಿಕೊಂಡಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ.

"ಡಾಕ್ಟರಮ್ಮಾರ, ಕಂಪ್ಯೂಟರ್ ಸರಿ ಐತ್ರಿ. ತಪ್ಪು ನಂದು" ಎಂದು ಅಂಗೈ ಮೇಲೆ ಅದನ್ನಿಟ್ಟು ತೋರಿಸಿದೆ.

ಅವರು ಪುಸ್ತಕ ಮುಚ್ಚಿ ಎದ್ದರು. "ಹಾಕಿದಾವ್ರೂ ನೀವ, ಹುಡುಕಿದಾವ್ರೂ ನೀವ. ನಡೀರಿ, ಓಡಿಸಿ ನೋಡೂಣು."

ವಾಷರ್ ಇಲ್ಲದೆ ಸೆನ್ಸರ್ ಕೂರಿಸಿ ಜ್ಯಾಕ್ ಇಳಿಸಿದೆ. ಗೊರೇಬಾಳದ ದಾರಿಯಲ್ಲಿ ನಿಧಾನ ನಿಲ್ಲಿಸಿದರು, ಪೆಡಲ್ ನಡುಗಲಿಲ್ಲ. ಗದ್ದೆಯ ಕೆಸರು ಚೆಲ್ಲಿದ ಕಡೆ ಗಟ್ಟಿಯಾಗಿ ಒತ್ತಿದರು. ಪೆಡಲ್ ಆಗ ನಡುಗಬೇಕಿತ್ತು, ನಡುಗಿತು. ಕಾರು ಒಂದಿಷ್ಟೂ ಜಾರದೆ ನೆಟ್ಟಗೆ ನಿಂತಿತು. ಹಳದಿ ದೀಪ ಹತ್ತಲಿಲ್ಲ.

ಮುಂದಿನ ವಾರ ಅಂಥದೇ ಇನ್ನೊಂದು ಕಾರು ಮಸ್ಕಿಯಿಂದ ಬಂತು. ಡಾಕ್ಟರಮ್ಮನೇ ಕಳಿಸಿದ್ದರು.