ಬಚ್ಚಲು ಸೇರಿದ ಕೇರಂ ಹಲಗೆಗಳು

ಯಾರ ಮನೆಗೆ ಹೋದರೂ ಕೂತ ಕೂಡಲೇ ನನ್ನ ಬಲಗೈ ನನ್ನನ್ನು ಕೇಳದೆಯೇ ಮೇಜಿನ ಅಡಿಗೆ ಹೋಗಿ ಅದರ ಬೆನ್ನನ್ನು ಸವರಿ ಬರುತ್ತದೆ. ಮನೆಯವರು ತಮ್ಮ ಕಸೂತಿಯ ಹಾಸನ್ನೋ ಅದರ ಮೇಲಿನ ಹೂದಾನಿಯನ್ನೋ ನಾನು ಮೆಚ್ಚಲೆಂದು ಕಾಯುತ್ತಿರುವಾಗ ಅಡಿಯ ಒರಟು ಮರವನ್ನು ತಡವುತ್ತ ಕೂರುವುದು ಸಭ್ಯ ಗೃಹಸ್ಥನ ಲಕ್ಷಣವಲ್ಲವೆಂದು ನನ್ನ ಹೆಂಡತಿ ಗಿರಿಜೆ ಎಷ್ಟೋ ಸಲ ಕಣ್ಣಲ್ಲೇ ಗದರಿಸಿದ್ದಾಳೆ. ಒಮ್ಮೆ ಹಡಗಲಿಯ ಬೀಗರೊಬ್ಬರ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟ ಅಜ್ಜಿ, "ಏನರ ಬಿತ್ತೇನಪ್ಪಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಾವೇ ಬಗ್ಗಿ ಹುಡುಕತೊಡಗಿದ್ದರು. ಏನೂ ಬಿದ್ದಿರಲಿಲ್ಲ. ಇದು ನನ್ನ ವೃತ್ತಿರೋಗ. ಇದು ಹತ್ತಿದ ಬಗೆಯನ್ನು ಹೇಳಹೊರಟರೆ ನನಗೆ ಅನ್ನ ಕೊಟ್ಟವರನ್ನೆಲ್ಲ ನೆನೆಯಬೇಕಾಗುತ್ತದೆ. ಅದೇನೂ ಬೇಸರದ ಕೆಲಸವಲ್ಲ, ಬನ್ನಿ.

ನಾನು ಆಟದ ಸಾಮಾನು ಮಾಡುವ ಕಂಪನಿಯೊಂದರ ವ್ಯವಸ್ಥಾಪಕ ನಿರ್ದೇಶಕನಾಗಿ ನಿವೃತ್ತನಾದವನು. ಹಾವು-ಏಣಿ, ಲೂಡೋ, ಚೌಕಾಬಾರದ ಹಾಸು, ಎಲ್ಲಕ್ಕಿಂತ ಮೊದಲು ಕೇರಂ, ಹೀಗೆ ಮೇಜಿನ ಮೇಲೆ ಹರವಿಕೊಂಡು ಆಡಬಹುದಾದದ್ದನ್ನೆಲ್ಲ ಮಾಡಿ ಮಾರಿದೆವು. ನನ್ನ ಪದನಾಮದ ಗಾಂಭೀರ್ಯಕ್ಕೂ ನಾವು ಮಾರುತ್ತಿದ್ದ ಪದಾರ್ಥದ ಲಘುತ್ವಕ್ಕೂ ಹೊಂದಿಕೆಯಾಗದೆ ಜೀವಮಾನವಿಡೀ ಪೇಚಾಡಿದ್ದೇನೆ. ಎಪ್ಪತ್ತರ ದಶಕದಲ್ಲಿ ಹೆಣ್ಣು ನೋಡಲು ಕೂಡ್ಲಿಗಿಗೆ ಹೋದಾಗ, ಮುಂದೆ ನನ್ನ ಮಾವನಾದವರು ನನ್ನ ಸೋದರಮಾವನನ್ನು ಬದಿಗೆ ಕರೆದು, "ಹುಡುಗ ಕೇರಂ ಕಂಪನ್ಯಾಗ ಮ್ಯಾನೇಜರ್ ಅಂತೀರಿ. ಅಂದ್ರ ದಿನಾ ಆಡ್ತಾನೇನು? ಅದಕ್ಕ ಪಗಾರ ಯಾರು ಕೊಡ್ತಾರ್ರಿ?" ಎಂದು ವಿಚಾರಿಸಿದ್ದರು. ಪಾಪ, ಅವರು ಆಡುವವನಿಗೆ ಹೆದರಿದ್ದರು. ನನಗೋ ಆಡಲು ಬರುತ್ತಲೇ ಇರಲಿಲ್ಲ. ಇಂದಿಗೂ ನಾನು ಹೊಡೆದ ಸ್ಟ್ರೈಕರ್ ಕಾಯಿಗಳನ್ನು ಮುಟ್ಟದೆ ಸಾತ್ವಿಕವಾಗಿ ಗುಂಡಿಗೆ ಹೋಗಿ ಕೂರುತ್ತದೆ.

ಕಂಪನಿ ಹುಟ್ಟಿದ್ದು ಕೊಟ್ಟೂರಿನಲ್ಲಿ, ಹುಸೇನ್ ಸಾಬರ ಬಡಗಿ ಶೆಡ್ಡಿನಲ್ಲಿ. ಬಾಗಿಲು ಕಿಟಕಿ ಮಾಡುತ್ತಿದ್ದ ಸಾಬರು ಹರಪನಹಳ್ಳಿಯ ಶಾಲೆಯೊಂದಕ್ಕೆ ಕೇರಂ ಹಲಗೆ ಮಾಡಿಕೊಟ್ಟದ್ದೇ ನೆಪವಾಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳಿಂದಲೂ ಬೇಡಿಕೆ ಬಂದು, ಬಾಗಿಲ ಕೆಲಸವನ್ನೇ ಬಿಟ್ಟು ಕೇರಮ್ಮಿಗೆ ಇಳಿದುಬಿಟ್ಟರು. ಬಿ.ಕಾಂ. ಮುಗಿಸಿ ಊರಲ್ಲಿ ಅಲೆಯುತ್ತಿದ್ದ ನನ್ನನ್ನು ಕರೆದು, "ನನಗ ಮರದ ಭಾಷಾ ಬರತೈತಿ, ನಿಮಗ ಪ್ಯಾಟಿ ಭಾಷಾ ಬರತೈತಿ, ಬರ್ರಿ ಮ್ಯಾನೇಜರ್ರ" ಎಂದರು. ಅದೇ ನನ್ನ ಸಂದರ್ಶನ. ನಾನು ಪೇಟೆಯ ಭಾಷೆಯಲ್ಲಿ ಪತ್ರ ಬರೆದೂ ಬರೆದೂ ಕರಾವಳಿಯ ದೊಡ್ಡ ವ್ಯಾಪಾರಿ ವಾಸುದೇವ ರಾಯರನ್ನು ಹಿಡಿದೆ. ಬೇಸಿಗೆಯ ಕೊನೆಗೆ ಒಂದು ಲಾರಿ ಹಲಗೆಗಳು ಘಟ್ಟ ಇಳಿದವು. ಶೆಡ್ಡಿನವರೆಲ್ಲ ಲಾರಿಯ ಹಿಂದೆ ಊರ ಹೊರಗಿನವರೆಗೆ ನಡೆದುಹೋಗಿ ಕೈಬೀಸಿ ಬಂದೆವು.

ಮಳೆಗಾಲ ಶುರುವಾಗುತ್ತಲೇ ರಾಯರ ಟ್ರಂಕ್ ಕಾಲ್ ಬಂತು. "ನೀವು ಕಳಿಸಿದ್ದು ಕೇರಂ ಬೋರ್ಡೋ ಹಪ್ಪಳವೋ ಮಾರಾಯ್ರೆ? ನಡುವಿಗೆ ಕಾಯಿ ಇಟ್ರೆ ಅದೇ ನಡ್ಕೊಂಡು ಹೋಗಿ ಗುಂಡಿಗೆ ಬೀಳ್ತದೆ!" ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಸೀಮೆಯವರಷ್ಟೇ ಮಾಡಬಹುದಾದ ತಪ್ಪು ಅದು. ನಾವು ಮಳೆಯನ್ನು ಕಾಯುವವರೇ ಹೊರತು ಮಳೆಯಿಂದ ಕಾಯುವವರಲ್ಲ. ಮರವನ್ನು ಬಲ್ಲ ಸಾಬರಿಗಾಗಲಿ, ಪೇಟೆಯನ್ನು ಬಲ್ಲೆನೆಂದುಕೊಂಡ ನನಗಾಗಲಿ, ಗಾಳಿಯೇ ಒದ್ದೆಯಾಗಿರುವ ಊರೊಂದು ಇರಬಹುದೆಂದು ಹೊಳೆದೇ ಇರಲಿಲ್ಲ.

ರಾಯರು ಒಳ್ಳೆಯವರು. "ಸರಿಮಾಡಿ ಒಂದೇ ಒಂದು ಹಲಗೆ ಕಳಿಸಿ. ಉಳಿದ ಮಳೆಗಾಲ ಪೂರ್ತಿ ನನ್ನ ಅಂಗಡಿ ಜಗಲಿಯಲ್ಲಿ ಇಡ್ತೇನೆ. ನಿಂತ್ರೆ ಮುಂದಿನ ವ್ಯಾಪಾರ, ಇಲ್ಲದಿದ್ರೆ ನಮಸ್ಕಾರ" ಎಂದರು. ಆ ನಮಸ್ಕಾರದ ಅರ್ಥ ಎಲ್ಲರಿಗೂ ಗೊತ್ತಿತ್ತು. ಕರಾವಳಿ ಕೈಬಿಟ್ಟರೆ ಶೆಡ್ಡಿಗೆ ಬೀಗ. ಕೆಲಸಗಾರರು ಗಂಟುಮೂಟೆ ಕಟ್ಟಿಕೊಂಡು ದಾವಣಗೆರೆಯ ದಾರಿ ಹಿಡಿಯಬೇಕಿತ್ತು, ಹೊಸದಾಗಿ ಮದುವೆಯಾದ ಮ್ಯಾನೇಜರನೂ ಸೇರಿ.

ಒದ್ದೆಗೆ ನಿಲ್ಲುವ ಹಲಗೆ ಮಾಡಲು ಮೊದಲು ಒದ್ದೆ ಬೇಕಲ್ಲ! ಕೊಟ್ಟೂರಿನಲ್ಲಿ ಅದನ್ನೆಲ್ಲಿಂದ ತರುವುದು? ಆಗ ನನ್ನ ಮಸ್ತಕದಲ್ಲಿ ಮಹಾ ಉಪಾಯವೊಂದು ಉದಯಿಸಿತು. ಸಾಬರು ಅಂಟು ಬದಲಿಸಿ, ಅಡಿಗೆ ಹೆಚ್ಚಿನ ಪಟ್ಟಿ ಕೊಟ್ಟು ಮಾಡಿದ ಹೊಸ ಹಲಗೆಗಳನ್ನು ಕೆಲಸಗಾರರ ಮನೆಗೊಂದರಂತೆ ಹಂಚಿ, ಬಚ್ಚಲುಮನೆಯಲ್ಲಿ ಹಂಡೆಯ ಪಕ್ಕ ನಿಲ್ಲಿಸಬೇಕೆಂದು ಆಜ್ಞಾಪಿಸಿದೆ. ದಿನವೂ ಜಳಕದ ನೀರು ಸಿಡಿಯಬೇಕು, ಹಬೆ ಬಡಿಯಬೇಕು, ಯಾರೂ ಒರೆಸಕೂಡದು. ಸಾಬರ ಮನೆಗೊಂದು, ಪಾಲಿಶ್ ಮಾಡುವ ಬಸಪ್ಪನ ಮನೆಗೊಂದು, ನನ್ನ ಮನೆಗೂ ಒಂದು. ಮೈತೊಳೆಯುವಾಗ ಆ ನಾಲ್ಕು ಗುಂಡಿಗಳು ನಾಲ್ಕು ಕಣ್ಣುಗಳಾಗಿ ನನ್ನನ್ನೇ ನೋಡುತ್ತಿದ್ದವು, ಬಹಳ ಸಂಕೋಚವಾಗುತ್ತಿತ್ತು.

ಕೆಲವು ವಾರಗಳ ನಂತರ ಹಲಗೆಗಳೆಲ್ಲ ಶೆಡ್ಡಿಗೆ ಮರಳಿದವು. ಅಬ್ಬಾ! ಒಂದೂ ಡೊಂಕಿಲ್ಲ. ಸಾಬರು ಮಟ್ಟದ ಪಟ್ಟಿ ಇಟ್ಟು ನೋಡಿ ಗಡ್ಡ ಸವರಿಕೊಂಡರು. ನಾನು ರಾಯರಿಗೆ ಕಳಿಸುವ ತಂತಿಯ ಒಕ್ಕಣೆಯನ್ನು ಮನಸ್ಸಿನಲ್ಲೇ ಅಲಂಕರಿಸುತ್ತ ಮನೆಗೆ ಬಂದು ಗಿರಿಜೆಯ ಮುಂದೆ ಕೊಚ್ಚಿಕೊಂಡೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಿಮ್ಮ ಹಲಗಿ ಬಚ್ಚಲದಾಗ ಎಲ್ಲಿತ್ರಿ?" ಎಂದಳು. "ನೀವು ಆ ಕಡಿ ಹೋದ ಕೂಡ್ಲೆ ಒರೆಸಿ ಮಾಳಿಗಿ ಮ್ಯಾಲೆ ಬಿಸಲಿಗೆ ಇಡ್ತಿದ್ದೆ. ಬರೂ ಹೊತ್ತಿಗೆ ತಂದು ಅಲ್ಲೇ ನಿಲ್ಲಸ್ತಿದ್ದೆ. ಅದು ಡೊಂಕಾದ್ರ ಕಂಪನಿ ಮುಚ್ಚತೈತಿ ಅಂತ ನೀವ ಅಂದಿದ್ರೆಲ್ಲ!"

ಮರುದಿನ ವಿಚಾರಿಸಿದರೆ, ಇಡೀ ಕಂಪನಿಯ ಹೆಣ್ಣುಮಕ್ಕಳು, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಇದನ್ನೇ ಮಾಡಿದ್ದರು. ಒಬ್ಬಾಕೆ ಹಗಲೆಲ್ಲ ಬಿಸಿಲಿಗೆ ಹಾಕಿದ್ದಳು, ಇನ್ನೊಬ್ಬಾಕೆ ಒಲೆಯ ಹಿಂದೆ ಬೆಚ್ಚಗಿಟ್ಟಿದ್ದಳು. ಸ್ವತಃ ಸಾಬರ ಹೆಂಡತಿ ಫಾತಿಮಾಬಿಯವರು ಅದನ್ನು ಹಳೆಯ ಕೌದಿಯಲ್ಲಿ ಸುತ್ತಿ ಮಂಚದ ಕೆಳಗೆ ಮಲಗಿಸಿದ್ದರು. ಪರೀಕ್ಷೆ ಗೆಲ್ಲಲೆಂದು ಎಲ್ಲರೂ ಸೇರಿ ಪರೀಕ್ಷೆಯನ್ನೇ ಕೊಂದಿದ್ದರು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಸಾಬರು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ನಗು ನಿಂತರೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. "ಮ್ಯಾನೇಜರ್ರ, ಈ ಕಂಪನಿ ನಮ್ಮಿಬ್ಬರದು ಅಂತ ತಿಳಕೊಂಡಿದ್ವೆಲ್ಲ, ನಾವ ಹುಚ್ಚರು ನೋಡ್ರಿ" ಎಂದರು.

ಹಲಗೆಗಳು ಮತ್ತೆ ಬಚ್ಚಲು ಸೇರಿದವು. ಹಾಳಾದರೆ ಹಾಳಾಗಲಿ, ಮುಟ್ಟಬೇಡಿರೆಂದು ಹೆಣ್ಣುಮಕ್ಕಳನ್ನು ಒಪ್ಪಿಸುವಷ್ಟರಲ್ಲಿ ನನ್ನ ವ್ಯವಸ್ಥಾಪನ ಕೌಶಲವೆಲ್ಲ ಖರ್ಚಾಯಿತು. ಫಾತಿಮಾಬಿಯವರಂತೂ ಕೌದಿಯನ್ನು ಬಿಚ್ಚಿಕೊಡಲು ಎರಡು ದಿನ ಸತಾಯಿಸಿದರು. ಈ ಸಲ ಎಲ್ಲವೂ ಪ್ರಾಮಾಣಿಕವಾಗಿ ಉಬ್ಬಿದವು, ಒಂದನ್ನು ಬಿಟ್ಟು. ಬಸಪ್ಪನ ಹೆಂಡತಿ ಹನುಮವ್ವ ಮೊದಲ ಸುತ್ತಿನಲ್ಲೇ, ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಅದರ ಬೆನ್ನಿಗೂ ಅಂಚಿಗೂ ಮೆತ್ತಿಬಿಟ್ಟಿದ್ದಳು. ಮುಖದ ಮೇಲಿನ ಮಟ್ಟದ ಪಟ್ಟಿಯನ್ನಷ್ಟೇ ನೋಡುತ್ತಿದ್ದ ನಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ. ಯಾಕವ್ವಾ ಎಂದರೆ, "ಮುಂದ ಮಾತ್ರ ಥಳಥಳ ಪಾಲಿಶ್ ಮಾಡೀರಿ, ಬೆನ್ನು ಬರಿ ಬಿಟ್ಟೀರಿ. ಥಂಡಿ ಹತ್ತೂದಿಲ್ಲೇನ್ರಿ ಅದಕ್ಕ?" ಎಂದಳು. ಆಕೆಗೆ ಅದು ತೇವದ ಶಾಸ್ತ್ರವಲ್ಲ, ಬರೀ ಕರುಣೆ. ನಾವು ಮಿರುಗುವ ಮುಖವನ್ನಷ್ಟೇ ಕಾಯ್ದಿದ್ದೆವು, ತೇವ ಬೆನ್ನಿನಿಂದ ಬರುತ್ತಿತ್ತು. ಮೇಜಿನ ಅಡಿಗೆ ಕೈಹಾಕುವ ಚಟ ನನಗೆ ಹತ್ತಿದ್ದು ಆ ದಿನ.

ಬೆನ್ನಿಗೆ ಹಸಿರು ಬಳಿದ ಹೊಸ ಹಲಗೆಯೊಂದು ಕರಾವಳಿಗೆ ಹೋಯಿತು. ಆಮೇಲಿನ ದಿನಗಳಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಕೊಟ್ಟೂರಿನವರು ಇನ್ನೊಂದು ಊರಿನ ಮಳೆ ಬೇಗ ಮುಗಿಯಲೆಂದು ಹಾರೈಸಿದ್ದು ಬಹುಶಃ ಅದೇ ಮೊದಲು.

ಮಳೆ ಹಿಂದಾದ ಮೇಲೆ ಒಂದು ಮಧ್ಯಾಹ್ನ ರಾಯರು ತಾವೇ ಬಸ್ಸಿಳಿದರು. ಕಂಕುಳಲ್ಲಿ ಗೋಣಿ ಸುತ್ತಿದ ಹಲಗೆ. ಅದನ್ನು ಶೆಡ್ಡಿನ ನಡುವೆ ಮಲಗಿಸಿ, ಜೇಬಿನಿಂದ ಒಂದು ಕಾಯಿ ತೆಗೆದು ಮಧ್ಯಕ್ಕಿಟ್ಟರು. ಎಲ್ಲರೂ ಆ ಕಾಯಿಯನ್ನೇ ನೋಡಿದೆವು. ಅದು ಅಲ್ಲಾಡಲಿಲ್ಲ. ಸಾಬರು ಮೇಲೆ ನೋಡಿ ಕೈಯೆತ್ತಿದರು. ಬಸಪ್ಪ ಹನುಮವ್ವನನ್ನು ಕರೆಯಲು ಓಡಿದ. "ಎರಡು ಲಾರಿ ಕಳಿಸಿ ಮಾರಾಯ್ರೆ" ಎಂದ ರಾಯರು, "ಇದನ್ನು ಇಷ್ಟು ಚಂದ ಮಾಡಿದ್ದು ಯಾರು?" ಎಂದು ಕೇಳಿದರು.

ಅಷ್ಟರಲ್ಲಿ ಸುದ್ದಿ ತಿಳಿದು ಅವರೆಲ್ಲ ಬಂದೇಬಿಟ್ಟಿದ್ದರು. ವಾರಗಟ್ಟಲೆ ಕೇರಂ ಹಲಗೆಯನ್ನು ಒರೆಸಿ, ಒಣಗಿಸಿ, ಹೊದಿಸಿ ಮಲಗಿಸಿದ ಆ ಹೆಣ್ಣುಮಕ್ಕಳಲ್ಲಿ ಒಬ್ಬರೂ ಅದುವರೆಗೆ ಕೇರಂ ಆಡಿರಲಿಲ್ಲ. ಆಡಿರೆಂದು ನಾವ್ಯಾರೂ ಕರೆದೂ ಇರಲಿಲ್ಲ. ಸಾಬರು ಚಾಪೆ ಹಾಸಿದರು. ಫಾತಿಮಾಬಿ, ಹನುಮವ್ವ, ಗಿರಿಜೆ ಮತ್ತು ಯಾವ ನಿಯಮವೂ ಬೇಡವೆಂದು ಒಪ್ಪಿಕೊಂಡ ರಾಯರು ನಾಲ್ಕು ಮಗ್ಗುಲಿಗೆ ಕೂತರು. ಕಾಯಿಗಳು ಹಲಗೆಯಿಂದ ಹಾರಿ ಶೆಡ್ಡಿನ ಮೂಲೆಮೂಲೆಗೂ ಬಿದ್ದವು, ನಗು ಬೀದಿಯವರೆಗೂ ಹೋಯಿತು. ಅವರಿಗೆಲ್ಲ ನಾನು ಕೃತಜ್ಞತೆ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕಾಯಿಯೊಂದು ಹಾರಿ ಬಂದು ನನ್ನ ಕಾಲ ಬಳಿ ಬಿತ್ತು. ಮುಂದೆ ವ್ಯವಸ್ಥಾಪಕ ನಿರ್ದೇಶಕನಾಗಲಿದ್ದ ಈ ಮನುಷ್ಯ ಆ ಸಂಜೆಯೆಲ್ಲ ಹಾರಿಬಿದ್ದ ಕಾಯಿಗಳನ್ನು ಹೆಕ್ಕಿ ಹೆಕ್ಕಿ ಅವರ ಕೈಗೆ ಕೊಟ್ಟ.